ಹೊಗೆ ತೊಳೆದವನು

ಆ ಮಳೆಗಾಲ ಬೈಂದೂರಿನ ನನ್ನ ಜಿನಸಿನ ಅಂಗಡಿಯಲ್ಲಿ ನೊಣ ಹೊಡೆಯುವುದೊಂದೇ ಕೆಲಸವಾಗಿತ್ತು. ಯುದ್ಧ ಮುಗಿದು ವರ್ಷವಾಗುತ್ತ ಬಂದಿದ್ದರೂ ಅಕ್ಕಿ, ಸೀಮೆಎಣ್ಣೆ ಎಲ್ಲ ಸರಕಾರದ ಕಂಟ್ರೋಲಿನಲ್ಲೇ ಇದ್ದವು, ಅಂಗಡಿಯಲ್ಲಿ ಮಾರುವಂತಿರಲಿಲ್ಲ. ನಾನೋ ಕೂತಲ್ಲಿ ಕೂರಲಾರದ ಮನುಷ್ಯ. ಗಳಿಗೆಗೊಮ್ಮೆ ಎದ್ದು ರಸ್ತೆ ನೋಡುತ್ತಿದ್ದೆ, ಮತ್ತೆ ಬಂದು ಖಾಲಿ ಡಬ್ಬಿಗಳನ್ನು ಆಚೀಚೆ ಸರಿಸುತ್ತಿದ್ದೆ. ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದ ಗೋವರ್ಧನ ಭಾವ ಕಾರ್ಡು ಬರೆದಿದ್ದರು. ಚೌತಿಯೊಳಗೆ ಬಂದರೆ ಕೆಲಸ ಉಂಟು, ಇಲ್ಲವಾದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದು. ನಲವತ್ತೈದರ ಪ್ರಾಯದಲ್ಲಿ ಅಪ್ಪನ ಅಂಗಡಿಗೆ ಬೀಗ ಜಡಿದು ಪರಊರಿನಲ್ಲಿ ಲೋಟ ಎತ್ತುವುದನ್ನು ನೆನೆದು ಆ ಕಾರ್ಡನ್ನು ಡಬ್ಬಿಯ ಅಡಿಗೆ ತುರುಕಿದ್ದೆ.

ಆಗಲೇ ತಿರುವಾಂಕೂರಿನ ಕಿರಿಸ್ತಾನರು ಬಂದು ಘಟ್ಟದ ಬುಡದಲ್ಲಿ ಗುಡಿಸಲು ಕಟ್ಟಿ, ಮರಗೆಣಸು ನೆಟ್ಟರು. ವಾರಕ್ಕೊಮ್ಮೆ ಪೇಟೆಗೆ ಇಳಿಯುತ್ತಿದ್ದರು. ಉಪ್ಪು, ತೆಂಗಿನೆಣ್ಣೆ ಕೊಳ್ಳುವುದು ನಮ್ಮ ಹಾಗೆಯೇ. ಆದರೆ ಮತ್ತೊಂದೇನೋ ಹುಳಿ ಕೇಳುತ್ತಿದ್ದರು. ನಾನು ಹುಣಸೆಹಣ್ಣು ತೋರಿಸಿದರೆ ತಲೆ ಆಡಿಸಿ, ಎದುರಿನ ಸುಬ್ಬನ ಅಂಗಡಿಗೆ ಹೋಗಿ, ಆ ಹುಳಿ ಅಲ್ಲಿ ಇಲ್ಲದಿದ್ದರೂ ಉಪ್ಪನ್ನು ಅಲ್ಲೇ ಕೊಳ್ಳುತ್ತಿದ್ದರು. ಅದನ್ನು ಕಂಡಾಗೆಲ್ಲ ನನ್ನ ಮೈ ಉರಿಯುತ್ತಿತ್ತು.

ಒಂದು ದಿನ ಅವರಲ್ಲಿ ಏಲಿಯಮ್ಮ ಎಂಬ ಹೆಂಗಸು ಸೆರಗಿನ ಗಂಟು ಬಿಚ್ಚಿ ಒಂದು ಕರಿ ಚೂರು ತೋರಿಸಿದಳು. ಊರಿನಿಂದ ತಂದದ್ದರಲ್ಲಿ ಅಷ್ಟೇ ಉಳಿದದ್ದಂತೆ. ಒಳಗಿನಿಂದ ಇಣುಕಿದ ನನ್ನ ಹೆಂಡತಿ ಗುಣವತಿ ಕೂಡಲೇ ಗುರುತಿಸಿದಳು. ಅದು ನಮ್ಮ ಗುಡ್ಡದ ಹುಳಿಕಾಯಿ ಉಪ್ಪಾಗೆಯ ಸಿಪ್ಪೆ, ಹೊಗೆಗೆ ಒಣಗಿಸಿದ್ದು! ಮಳೆಗಾಲದಲ್ಲಿ ಗುಡ್ಡದಿಂದ ಹೆಕ್ಕಿ ತಂದು, ಬೀಜದಿಂದ ತುಪ್ಪದಂಥ ಜಿಡ್ಡು ತೆಗೆದು, ಸಿಪ್ಪೆಯನ್ನು ನಾವು ಗೊಬ್ಬರದ ಗುಂಡಿಗೆ ಎಸೆಯುತ್ತಿದ್ದೆವು.

ಮೂರು ವಾರ ಮನೆಯೆಲ್ಲ ಹೊಗೆ. ಒಲೆಯ ಮೇಲಿನ ಅಟ್ಟದಲ್ಲಿ ಗುಣವತಿ ಸಿಪ್ಪೆ ಹರಡಿ, ಹಸಿ ಸೌದೆ ಒಟ್ಟಿ, ಕಣ್ಣು ಕೆಂಪು ಮಾಡಿಕೊಂಡು ಒಣಗಿಸಿದಳು. ಕೆಳಗಿಳಿಸಿದಾಗ ನೋಡುತ್ತೇನೆ, ಎಲ್ಲ ಮಸಿ, ಮುಟ್ಟಿದರೆ ಕೈಗೆ ಹತ್ತುತ್ತದೆ. ದೇವಸ್ಥಾನಕ್ಕೆ ಸಾಮಾನು ಕೊಡುವ ಅಂಗಡಿ ನಮ್ಮದು. ಅಕ್ಕಿಯಲ್ಲಿ ಒಂದು ಹೊಟ್ಟು ಕಂಡರೂ ನನಗೆ ಸಮಾಧಾನವಿಲ್ಲ. ಹೆಂಡತಿ ತವರಿಗೆ ಹೋದ ದಿನ ಮಳೆ ಬಿಟ್ಟು ಬಿಸಿಲು ಬಿದ್ದಿತು. ಅಷ್ಟನ್ನೂ ಬಿಸಿನೀರಿನಲ್ಲಿ ಎರಡು ಸಲ ತಿಕ್ಕಿ ತೊಳೆದೆ, ಬಿಳಿ ಪಂಚೆಯ ಮೇಲೆ ಒಣಗಿಸಿದೆ. ಕಂದು ಬಣ್ಣಕ್ಕೆ ತಿರುಗಿ ಚೆಂದ ಕಂಡಿತು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಏಲಿಯಮ್ಮ ಬಂದಳು. ಒಂದು ಚೂರೆತ್ತಿ ಮೂಸಿದಳು, ಇನ್ನೊಂದು ಮೂಸಿದಳು, ಮೆಲ್ಲಗೆ ಕೆಳಗಿಟ್ಟಳು. ಹೊಗೆ ಇಲ್ಲ, ಬೇಡ ಎಂದು ಹರಕು ಕನ್ನಡದಲ್ಲಿ ಹೇಳಿ ಸುಬ್ಬನ ಅಂಗಡಿಗೆ ನಡೆದಳು.

ಮಾರನೆಯ ದಿನವೇ ಬೊಂಬಾಯಿಗೆ ಹೊರಡಲು ಟ್ರಂಕು ಕೆಳಗಿಳಿಸಿದೆ. ತವರಿನಿಂದ ಬಂದ ಗುಣವತಿಗೆ ಎಲ್ಲ ಒದರಿದೆ, ಆ ಜನಕ್ಕೆ ಚೊಕ್ಕದ್ದು ಕೊಟ್ಟರೂ ಆಗುವುದಿಲ್ಲ ಎಂದು ಬೈದೆ. ಅವಳು ಪಂಚೆ ಮಡಚಿಕೊಡುತ್ತಿದ್ದಳು. ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಬಿಗಿ, ದಾರಿಯಲ್ಲಿ ಚೆಲ್ಲೀತು ಎಂದೆ.

"ಬೊಂಬಾಯಂಗೆ ಉಪ್ಪಿನ್ಕಾಯಿ ಸಿಕ್ಕುದಿಲ್ಯಾ?" ಎಂದಳು.

"ಸಿಕ್ಕತ್ತ್. ನಮ್ಮನಿ ಮಿಡಿದ್ ರುಚಿ ಎಲ್ಲಿತ್ತ್ ಅಲ್ಲಿ?"

"ಅದ್ನ ಯಾರಾರೂ ಚೊಕ್ಕ ಮಾಡ್ತೆ ಅಂದೇಳಿ ತೊಳ್ದ್ ಕೊಟ್ರೆ ತಿಂತ್ರಿಯಾ?"

ನಾನು ಭರಣಿಯನ್ನು ಎತ್ತಿ ಪಕ್ಕಕ್ಕಿಟ್ಟೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆ ಹೆಂಗಸು ಗಂಟಿನಲ್ಲಿ ಒಂದೇ ಚೂರನ್ನು ಜೋಪಾನ ಮಾಡಿಕೊಂಡದ್ದು ಆಗ ಅರ್ಥವಾಯಿತು. ಟ್ರಂಕನ್ನು ಅಲ್ಲೇ ಬಿಟ್ಟು, ಮಳೆಗೆ ಎಲೆಯ ಗೊರಬು ಹೊದ್ದು ಗುಡ್ಡ ಹತ್ತಿದೆ. ಉಪ್ಪಾಗೆ ಇನ್ನೂ ಉದುರುತ್ತಿತ್ತು.

ಚೌತಿಗೆ ನಾಲ್ಕು ದಿನ ಇರುವಾಗ ಎರಡನೆಯ ಸಲದ ಸಿಪ್ಪೆ ಅಟ್ಟದಿಂದ ಇಳಿಯಿತು. ತೊಳೆಯಲು ಕೈ ತುರಿಸುತ್ತಿತ್ತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತೆ. ಏಲಿಯಮ್ಮ ರಸ್ತೆಯಲ್ಲಿ ಹೋಗುತ್ತಿದ್ದವಳು ವಾಸನೆಗೇ ನಿಂತಳು. ಬಂದು ಬೊಗಸೆ ತುಂಬ ಎತ್ತಿ ಮುಖಕ್ಕೆ ಹಿಡಿದಳು. ಕೆಳಗಿಳಿಸಿದಾಗ ಅವಳ ಕಣ್ಣು ಒದ್ದೆಯಾಗಿತ್ತು, ಮೂಗಿನ ತುದಿಗೆ ಮಸಿ ಹತ್ತಿತ್ತು. ಎರಡು ಸೇರು ತೂಗಿಸಿಕೊಂಡು, ಉಪ್ಪು, ಎಣ್ಣೆ, ಮೆಣಸೂ ನನ್ನಲ್ಲೇ ಕಟ್ಟಿಸಿದಳು. ಮುಂದಿನ ವಾರ ಉಳಿದವರನ್ನೂ ಕರೆತರುತ್ತೇನೆ ಎಂದಳು. ಆಮೇಲೆ ಕಪಾಟುಗಳ ಮೇಲೆಲ್ಲ ಕಣ್ಣಾಡಿಸಿ ಕೇಳಿದಳು.

"ಒಣಮೀನು ಉಂಟಾ?"

ಮೀನು ಮುಟ್ಟದ ಮನೆ ನಮ್ಮದು, ನನಗೆ ಜೀವವೇ ಹಾರಿಹೋಯಿತು. ಆ ಹುಳಿ ಯಾವ ಸಾರಿಗೆ ಬೀಳುತ್ತದೆಂದು ಅಷ್ಟು ದಿನವೂ ನಾನು ಯೋಚಿಸಿರಲಿಲ್ಲ. ಇಲ್ಲ ಎಂದರೆ ಅವಳು ಒಣಮೀನೂ ಇಡುವ ಸುಬ್ಬನಲ್ಲಿಗೆ ಹೋಗುತ್ತಾಳೆ. ಇಂದು ಮೀನಿಗೆ ಹೋದವಳು ನಾಳೆ ಉಪ್ಪಿಗೂ ಅಲ್ಲಿಗೇ. ಸುಬ್ಬನ ಅಂಗಡಿಯ ಆಚೆ, ತ್ರಾಸಿಯ ಜಲಜ ಒಣಮೀನಿನ ಬುಟ್ಟಿಗೆ ಸೋಗೆ ಮುಚ್ಚಿಕೊಂಡು ಮಳೆಯಲ್ಲಿ ಮುದುಡಿ ಕೂತಿದ್ದಳು. ಹತ್ತು ವರ್ಷದಿಂದ ಅವಳನ್ನು ನನ್ನ ಅಂಗಳದ ಹತ್ತಿರವೂ ಸುಳಿಯಗೊಟ್ಟಿರಲಿಲ್ಲ.

"ಹ್ವಾಯ್ ಜಲಜ, ಬುಟ್ಟಿ ತಕಂಡ್ ಬಾ. ಇಲ್ ನಮ್ ಜಗ್ಲಿ ಮೇಲ್ ಕೂಕೋ."

ಅವಳು ನಂಬದೆ ಎರಡು ಸಲ ನನ್ನ ಮುಖ ನೋಡಿದಳು. ಆಮೇಲೆ ಬುಟ್ಟಿ ಹೊತ್ತು ಬಂದು ಮೆಟ್ಟಿಲ ಬುಡದಲ್ಲೇ ನಿಂತಳು. ಗುಣವತಿ ಬಾಗಿಲಿಗೆ ಬಂದು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಇನ್ನೊಂದು ಕೈಯಿಂದ ಜಗಲಿಯ ಮೇಲೆ ನಾನು ಕೂರುವ ಮಣೆಯನ್ನು ಜಲಜಳ ಕಡೆಗೆ ತಳ್ಳಿದಳು.