ಕೂಗು ನಿಲ್ಲುವವರೆಗೆ

ಟೈಲರ್ ಕತ್ತರಿಯನ್ನು ಅಂಗಿಯ ಬೆನ್ನಿಗೆ ಕೊಟ್ಟು ಕಾಲರಿನಿಂದ ತುದಿಯವರೆಗೆ ಒಂದೇ ಸಲಕ್ಕೆ ಸೀಳಿಬಿಟ್ಟ.

"ಅಯ್ಯೋ! ಏನ್ ಮಾಡಿಬಿಟ್ರಿ?" ಮಗಳು ಕೂಗಿಕೊಂಡಳು.

"ಇನ್ನೇನಮ್ಮ ಮಾಡ್ಲಿ? ಅಂಗಿ ಇಪ್ಪತ್ತು ವರ್ಷದ ಹಿಂದಿಂದು, ಹೊಟ್ಟೆ ಈಗಿಂದು. ಗುಂಡಿ ಕೂರಬೇಕಲ್ಲ? ಹಿಂದೆ ಸೀಳಿ ಮುಂದಿನಿಂದ ತೊಡಿಸಿದ್ರೆ ಯಾರಿಗೆ ಗೊತ್ತಾಗುತ್ತೆ? ಅವನೇನು ಎದ್ದು ಬೆನ್ನು ತೋರಿಸ್ತಾನಾ?"

ಕಪ್ಪು ಅಂಗಿ, ಬಿಳಿ ಕಾಲರ್. ರೆಫರಿಗೆ ಅದನ್ನೇ ತೊಡಿಸಿ ಕಳಿಸಬೇಕೆಂದು ಹೆಂಡತಿ ಹಟ ಹಿಡಿದಿದ್ದಳು. ವಾರವಿಡೀ ನೀರಿನ ಮೀಟರ್ ಓದುತ್ತಿದ್ದವನು, ಭಾನುವಾರ ಮಾತ್ರ ಫುಟ್‌ಬಾಲ್ ರೆಫರಿ. ಎರಡೂ ಕೆಲಸದಲ್ಲಿ ಜನ ಅವನನ್ನು ಬೈಯುತ್ತಿದ್ದರು. ಮೂವತ್ತೊಂದು ವರ್ಷ ಬೈಸಿಕೊಂಡು, ನಿನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತವನು ಯಾರಿಗೂ ತೊಂದರೆ ಕೊಡದೆ ಕುಸಿದಿದ್ದ.

ಟೈಲರ್ ಅವನ ಲೈನ್ಸ್‌ಮನ್. ಬಾವುಟ ಹಿಡಿದು ಮೈದಾನದ ಅಂಚಿನಲ್ಲಿ ಓಡುತ್ತಿದ್ದವನು. ಬೈಗುಳದಲ್ಲಿ ಅವನಿಗೂ ಕಾಲುಪಾಲು ಬರುತ್ತಿತ್ತು.

ಕಿಟಕಿಯ ಪಕ್ಕ ಕೂತಿದ್ದ ಹೆಂಡತಿ ಮತ್ತೆ ಕೇಳಿದಳು, "ಬಂದನಾ?"

"ಬಂದು ಎರಡು ಗಂಟೆ ಆಯ್ತಮ್ಮ," ಎಂದಳು ಮಗಳು. "ಗೇಟಿನಾಚೆ ನಿಂತಿದ್ದಾರೆ. ಕಂಬದ ಹಾಗೆ."

"ಒಳಗೆ ಕರೆದ್ಯಾ?"

"ಎರಡು ಸಲ ಕರೆದೆ. ಕೇಳಿಸಿಲ್ಲ ಅನ್ನೋ ಹಾಗೆ ರಸ್ತೆ ನೋಡ್ತಾರೆ."

"ಮೂರನೇ ಸಲ ಕರಿ. ಹನ್ನೊಂದಕ್ಕೆ ಪೆಟ್ಟಿಗೆ ಎತ್ತುತ್ತಾರೆ. ಅಷ್ಟರೊಳಗೆ ನಮ್ಮಣ್ಣ ಹೊಸ್ತಿಲು ದಾಟಲಿಲ್ಲ ಅಂದ್ರೆ ಇನ್ನು ಯಾವತ್ತೂ ದಾಟಲ್ಲ. ನಿಮ್ಮಪ್ಪನೇ ಇಲ್ಲದ ಮೇಲೆ ಯಾವ ನೆಪ ಹೇಳಿ ಬರ್ತಾನೆ? ನನ್ನ ತವರು ಅಂತ ಉಳಿದಿರೋದು ಅವನೊಬ್ಬ."

ಅವಳ ಅಣ್ಣ ಊರಿನ ತಂಡಕ್ಕೆ ಕೋಚ್. ಬಣ್ಣ, ಮೊಳೆ, ಪೈಪು ಮಾರುವ ಅಂಗಡಿಯಿತ್ತು. ಆದರೆ ಊರಿಗೆ ಗೊತ್ತಿದ್ದದ್ದು ಅವನ ಗಂಟಲು. ಹತ್ತೊಂಬತ್ತು ವರ್ಷದ ಹಿಂದೆ ಇದೇ ಗೇಟಿನಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಹೇಳಿ ಹೋಗಿದ್ದ: "ತಪ್ಪಾಯ್ತು ಅಂತ ಅವನ ಬಾಯಿಂದ ಬರೋವರೆಗೂ ಈ ಮನೆಗೆ ಕಾಲಿಡಲ್ಲ!" ಆಡಿದ ಮಾತು ಉಳಿಸಿಕೊಂಡ. ಮೂರ್ಖರಿಗೆ ಆ ಶಕ್ತಿ ಜಾಸ್ತಿ.

*

ಬೈಯುವವರ ಎದುರು ನಿಲ್ಲುವುದಕ್ಕೆ ರೆಫರಿಗೆ ತನ್ನದೇ ಒಂದು ಕ್ರಮವಿತ್ತು. ಕೋಚ್ ಇರಲಿ, ಆಟಗಾರನ ಅಪ್ಪ ಇರಲಿ, ಬೇಲಿ ಹಾರಿ ಬಂದ ಕುಡುಕನಿರಲಿ, ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಎದುರಿನವರ ಅಂಗಿಯ ಎರಡನೇ ಗುಂಡಿಯನ್ನು ನೋಡುತ್ತಾ ನಿಲ್ಲುತ್ತಿದ್ದ.

"ಗುಂಡಿ ಯಾಕಪ್ಪ?" ಎಂದು ಮಗಳು ಚಿಕ್ಕವಳಿದ್ದಾಗ ಕೇಳಿದ್ದಳು.

"ಕಣ್ಣು ನೋಡಿದ್ರೆ ಜಗಳಕ್ಕೆ ಕರೆದ ಹಾಗೆ. ನೆಲ ನೋಡಿದ್ರೆ ತಪ್ಪು ಒಪ್ಪಿದ ಹಾಗೆ. ಗುಂಡಿ ಯಾವ ತಂಡದ್ದೂ ಅಲ್ಲ."

ಕೂಗು ಪೂರ್ತಿ ನಿಲ್ಲುವವರೆಗೂ ಅವನು ಬಾಯಿ ತೆರೆಯುತ್ತಿರಲಿಲ್ಲ. "ಹಾಲು ಉಕ್ಕುವಾಗ ಅದರ ಜೊತೆ ಮಾತಾಡಬಾರದು," ಎನ್ನುತ್ತಿದ್ದ. ನಿಂತ ಮೇಲೆ ಕೇಳುತ್ತಿದ್ದದ್ದು ಒಂದೇ, "ಮುಗೀತಾ? ಈಗ ಹೇಳಿ." ಅಷ್ಟು ಹೊತ್ತಿಗೆ ಹೇಳಲು ಯಾರ ಹತ್ತಿರವೂ ಏನೂ ಉಳಿದಿರುತ್ತಿರಲಿಲ್ಲ. ಉಗುಳು ನುಂಗಿಕೊಂಡು ವಾಪಸು ಹೋಗುತ್ತಿದ್ದರು.

ಇದನ್ನು ಅವನು ಮನೆಯಲ್ಲೂ ನಡೆಸುತ್ತಿದ್ದ. "ಮೂವತ್ತಾರು ವರ್ಷದಲ್ಲಿ ಈ ಮನುಷ್ಯನ ಜೊತೆ ಒಂದು ಜಗಳ ಪೂರ್ತಿ ಆಡೋಕಾಗಿಲ್ಲ," ಎಂದು ಹೆಂಡತಿ ನೆರೆಯವರ ಮುಂದೆ ಅಳುತ್ತಿದ್ದಳು. "ನಾನು ಬೈತಾ ಇದ್ರೆ ಸೀರೆ ಪಿನ್ನು ನೋಡ್ಕೊಂಡು ನಿಲ್ತಾರೆ."

ಹತ್ತೊಂಬತ್ತು ವರ್ಷದ ಹಿಂದಿನ ಆ ಫೈನಲ್ ಪಂದ್ಯದ ಕೊನೆಯ ಎರಡು ನಿಮಿಷ. ಯಾರೂ ಗೋಲು ಹೊಡೆದಿರಲಿಲ್ಲ. ಎದುರು ತಂಡದ ಹುಡುಗ ಚೆಂಡು ತಳ್ಳಿಕೊಂಡು ನುಗ್ಗಿದ. ಊರಿನ ಗೋಲ್‌ಕೀಪರ್ ಗೋಲು ಬಿಟ್ಟು ಮುಂದೆ ಬಂದು ಬಿದ್ದ. ಹುಡುಗನೂ ಬಿದ್ದ. ಧೂಳೆದ್ದಿತು. ಗೋಲಿನ ಮುಂದಿನ ಚೌಕದ ಗೆರೆಯ ಒಳಗೆ ಕೆಡವಿದ್ದರೆ ಪೆನಾಲ್ಟಿ. ಹೊರಗೆ ಕೆಡವಿದ್ದರೆ ಬರೀ ಫ್ರೀ ಕಿಕ್. ರೆಫರಿ ಸೀಟಿ ಊದಿ ಪೆನಾಲ್ಟಿ ಎಂದ. ಗೋಲಾಯಿತು. ಕಪ್ ಹೋಯಿತು. ಭಾವನೇ ಭಾವಮೈದುನನ ಕಪ್ ಕಿತ್ತುಕೊಂಡ ಎಂದು ಊರು ಆರು ತಿಂಗಳು ಬಾಯಿ ಬಡಿದುಕೊಂಡಿತು.

*

ಅಂಗಳದಲ್ಲಿ ಜನ ಸೇರಿದ್ದರು. ಬಂದವರಲ್ಲಿ ಒಬ್ಬರಾದರೂ ಅವನನ್ನು ಬೈಯದವರು ಇರಲಿಲ್ಲ.

"ನನ್ನಷ್ಟು ಬೈದೋರು ಯಾರಿದ್ದಾರೆ ಹೇಳಿ!" ಗೋಲ್‌ಕೀಪರ್‌ನ ತಾಯಿ ಕುರ್ಚಿಯಲ್ಲಿ ಕೂತು ಗೋಳೋ ಎಂದು ಅಳುತ್ತಿದ್ದಳು. "ಛತ್ರೀಲಿ ಹೊಡೆದಿದ್ದೀನಿ ಕಣ್ರೀ ಆ ಪುಣ್ಯಾತ್ಮನಿಗೆ! ಎರಡು ಕಡ್ಡಿ ಮುರೀತು. ಮಾರನೇ ದಿನ ಛತ್ರಿ ರಿಪೇರಿ ಮಾಡಿಸಿ ಮನೆಗೆ ತಂದುಕೊಟ್ರು!"

"ಅದೇನು ದೊಡ್ಡದು ಬಿಡಮ್ಮ," ಎಂದ ಪಕ್ಕದ ಮುದುಕ. "ನಾನು ಅವರ ಸೈಕಲ್ ಗಾಳಿ ಬಿಟ್ಟಿದ್ದೆ. ಏಳು ಸಲ."

"ಅಮ್ಮ, ಸಾಕು, ಮೆಲ್ಲಗೆ," ಎಂದು ಗೋಲ್‌ಕೀಪರ್ ಗೊಣಗಿದ. ಆತ ಈಗ ಬೇಕರಿ ಇಟ್ಟಿದ್ದ. ಗೋಲಿನ ಮುಂದೆ ನಿಂತರೆ ಚೆಂಡಿಗೆ ದಾರಿಯೇ ಸಿಗದಷ್ಟು ಬೆಳೆದಿದ್ದ.

ಮಗಳು ಅವರನ್ನೆಲ್ಲ ದಾಟಿ ಗೇಟಿಗೆ ಹೋದಳು. ಕೋಚ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ. ಬೂಟಿನ ತುದಿ ಗೇಟಿನ ಗೆರೆಗೆ ಸರಿಯಾಗಿ ತಾಗಿತ್ತು. ಒಂದು ಕೂದಲೆಳೆಯಷ್ಟೂ ಒಳಗಿರಲಿಲ್ಲ.

"ಮಾವ, ಬನ್ನಿ ಒಳಗೆ."

"ಇಲ್ಲೇ ಚೆನ್ನಾಗಿದೆ."

"ಬಿಸಿಲಿದೆ."

"ಬಿಸಿಲಲ್ಲಿ ನಿಂತು ಅಭ್ಯಾಸ ನನಗೆ."

"ಅಮ್ಮ ಬೆಳಿಗ್ಗೆಯಿಂದ ನಿಮ್ಮ ದಾರೀನೇ ಕಾಯ್ತಿದ್ದಾಳೆ. ಅಪ್ಪನಿಗಂತೂ ಈಗ ತಪ್ಪಾಯ್ತು ಅನ್ನೋಕೆ ಬಾಯಿಲ್ಲ. ನೀವೇ ಒಂದು ಹೆಜ್ಜೆ ಇಡಿ."

"ಬಾಯಿದ್ದಾಗ ಏನು ಕಿಸಿದ?" ಕೋಚ್‌ನ ಕುತ್ತಿಗೆಯ ನರ ಉಬ್ಬಿತು. "ಮ್ಯಾಚ್ ಆಗಿ ಎಂಟು ದಿನಕ್ಕೆ ಅಂಗಡಿಗೆ ಬಂದಿದ್ದ ನಿಮ್ಮಪ್ಪ. ಏನೋ ಹೇಳ್ತಾನೆ ಅಂದ್ಕೊಂಡೆ. ನಾನು ಮೂವತ್ತು ಪ್ರಶ್ನೆ ಕೇಳಿದೆ. ಮೂವತ್ತು! ಒಂದಕ್ಕಾದ್ರೂ ಬಾಯಿ ಬಿಟ್ಟನಾ? ನನ್ನ ಅಂಗಿ ನೋಡ್ಕೊಂಡು ನಿಂತಿದ್ದು ಹೊರಟು ಹೋದ. ಅಷ್ಟು ಕೊಬ್ಬು!"

ಅಂಗಳದ ಅಳು ನಿಂತಿತು. ಎಲ್ಲರೂ ಗೇಟಿನ ಕಡೆ ತಿರುಗಿದರು. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಟೈಲರ್ ಹೊರಗೆ ಓಡಿ ಬಂದ.

"ಲೋ ಕತ್ತೆ," ಎಂದ. ಅರವತ್ತೈದು ವರ್ಷದ ಕೋಚ್‌ನನ್ನು ಹಾಗೆ ಕರೆಯುವ ಧೈರ್ಯ ಊರಿನಲ್ಲಿ ಇನ್ನೊಬ್ಬನಿಗಿರಲಿಲ್ಲ. "ಅವನು ಬಂದಿದ್ದೇ ತಪ್ಪಾಯ್ತು ಅಂತ ಹೇಳೋಕೆ. ನೀನು ಬಾಯಿ ಮುಚ್ಚಿದ್ರೆ ತಾನೇ ಹೇಳೋದು?"

*

ಫೈನಲ್ ಮುಗಿಸಿ ಮನೆಗೆ ಬರುವಾಗ ಟೈಲರ್ ಹೇಳಿದ್ದ, "ಹೊರಗೆ ಕಣೋ. ಒಂದು ಗೇಣು ಹೊರಗೆ." ಆ ವಾರ ರೆಫರಿ ಮೂರು ಮನೆಯ ಮೀಟರ್ ತಪ್ಪು ಓದಿದ. ಸೋಮವಾರ ಟೈಲರ್‌ನನ್ನು ಜೊತೆಗೆ ಕರೆದುಕೊಂಡು ಭಾವಮೈದುನನ ಅಂಗಡಿಗೆ ಹೋದ.

ಟೈಲರ್ ಹೊರಗೆ ಬೆಂಚಿನ ಮೇಲೆ ಕೂತ. ರೆಫರಿ ಒಳಗೆ ಹೋಗಿ ಇನ್ನೇನು ಬಾಯಿ ತೆರೆಯಬೇಕು, ಕೋಚ್ ಶುರು ಮಾಡಿದ. ರೆಫರಿ ಕೈ ಹಿಂದೆ ಕಟ್ಟಿ ನಿಂತ. ಗಿರಾಕಿಗಳು ಬಂದರು. ಕೋಚ್ ಕೂಗುತ್ತಲೇ ಮೊಳೆ ತೂಗಿದ, ಕೂಗುತ್ತಲೇ ಪೈಪು ಅಳೆದ. ಬಿಳಿ ಬಣ್ಣ ಕೇಳಿದವನಿಗೆ "ಅನ್ಯಾಯ!" ಎನ್ನುತ್ತಾ ಹಸಿರು ಕೊಟ್ಟು ಕಳಿಸಿದ. ಒಂದೂಕಾಲು ಗಂಟೆ. ಊಟದ ಹೊತ್ತಿಗೆ ರೆಫರಿಯನ್ನು ಹೊರಗೆ ದಬ್ಬಿ ಒಳಗಿನಿಂದ ಶಟರ್ ಎಳೆದುಕೊಂಡ. ಶಟರಿನ ಹಿಂದೆಯೂ ಕೂಗು ನಡೆದೇ ಇತ್ತು.

"ಇನ್ನೂ ನಿಂತಿಲ್ಲ," ಎಂದ ರೆಫರಿ, ಬೆಂಚಿನ ಹತ್ತಿರ ಬಂದು. "ಬರೋ ವಾರ ನೋಡೋಣ."

"ಅವನು ಕೂಗ್ತಾ ಇರ್ಲಿ, ನೀನು ಮಧ್ಯದಲ್ಲೇ ಹೇಳಿಬಿಡು ಮಾರಾಯ!"

"ಕೂಗೋವಾಗ ಹೇಳಿದ್ರೆ ಅವನಿಗೆ ಕೇಳಿಸಲ್ಲ. ಕೇಳಿಸದ ಮೇಲೆ ಹೇಳಿದ ಹಾಗಾಯ್ತಾ?"

ಆಮೇಲೂ ಎರಡು ಸೋಮವಾರ ಹೋದರು. ಬೀದಿಯ ತಿರುವಿನಲ್ಲೇ ಕೂಗು ಕೇಳಿಸಿತು. ಅಲ್ಲಿಂದಲೇ ವಾಪಸು ಬಂದರು.

*

ಟೈಲರ್ ಹೇಳಿ ಮುಗಿಸಿದ. ಕೋಚ್ ಬಾಯಿ ತೆರೆದ, ಮುಚ್ಚಿದ. ಮತ್ತೆ ತೆರೆದ. ಆ ಬಾಯಿಂದ ಏನೂ ಹೊರಡದೇ ಇದ್ದದ್ದನ್ನು ಊರು ನೋಡಿದ್ದು ಅದೇ ಮೊದಲು. ಗೋಲ್‌ಕೀಪರ್‌ನ ತಾಯಿ ಹೆದರಿ, "ನೀರು ಕೊಡ್ರೀ ಯಾರಾದ್ರೂ," ಎಂದಳು.

ಕೋಚ್ ನೀರು ಮುಟ್ಟಲಿಲ್ಲ. ಗೇಟು ದೂಡಿದ. ಅಂಗಳ ದಾಟಿ, ಬೂಟು ಕಳಚುವುದನ್ನೂ ಮರೆತು ಸೀದಾ ನಡುಮನೆಗೆ ನಡೆದ. ಕಿಟಕಿಯಿಂದೆದ್ದ ತಂಗಿ ಪೆಟ್ಟಿಗೆಯ ಆಚೆ ಬದಿ ನಿಂತಳು. ಅಣ್ಣ ಈಚೆ ಬದಿ ನಿಂತು ಭಾವನ ಮುಖ ನೋಡಿದ.

"ಒಳಗೇ ಆಗಿತ್ತು," ಎಂದ ಕೋಚ್, ಬಹಳ ಮೆಲ್ಲಗೆ.

"ಏನು?"

"ಕೆಡವಿದ್ದು. ಗೆರೆ ಒಳಗೇ. ಒಂದು ಮೊಳ ಒಳಗೆ. ನಾನು ಸರಿಯಾಗಿ ಎದುರಿಗೇ ನಿಂತಿದ್ದೆ ತಂಗೀ. ಭಾವ ತಪ್ಪೇ ಮಾಡಿರಲಿಲ್ಲ."

"ನಿನಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಹತ್ತೊಂಬತ್ತು ವರ್ಷ?"

"ಕೂಗೋಕೆ ಶುರು ಮಾಡಿಬಿಟ್ಟಿದ್ದೆ," ಎಂದ ಕೋಚ್. "ಮಧ್ಯದಲ್ಲಿ ಹೇಗೆ ನಿಲ್ಲಿಸೋದು? ಜನ ಏನಂತಾರೆ?"

ಆಗ ಅವಳು ಬಾಯಿ ಬಿಟ್ಟಳು. ಮೂವತ್ತಾರು ವರ್ಷ ಗಂಡನ ಮೇಲೆ ಆಡಲಾಗದೆ ಉಳಿದಿದ್ದ ಜಗಳವೆಲ್ಲ ಅಣ್ಣನ ತಲೆಗೆ ಬಂತು. ಅಮ್ಮ ತೀರಿಕೊಂಡಾಗ ಒಂದೇ ಆಸ್ಪತ್ರೆಯ ಎರಡು ಬಾಗಿಲಲ್ಲಿ ನಿಂತು ಅತ್ತದ್ದು ಬಂತು. ಮಗಳ ಮದುವೆಯಲ್ಲಿ ಮಾವನ ಕುರ್ಚಿ ಖಾಲಿ ಬಿದ್ದದ್ದು ಬಂತು. ತಪ್ಪೇ ಮಾಡದ ಮನುಷ್ಯ ಪ್ರತಿ ಫೈನಲ್ಲಿನ ಹಿಂದಿನ ದಿನ ಊಟ ಬಿಡುತ್ತಿದ್ದದ್ದೂ ಬಂತು. "ನೀನು ಮನುಷ್ಯನಾ? ಮೈಕ್ ಸೆಟ್ಟಾ ನೀನು?" ಎಂದು ಕೇಳಿದಳು. ಕೋಚ್ ನಿಂತು ಪೂರ್ತಿ ಕೇಳಿಸಿಕೊಂಡ. ಅವಳ ದನಿ ಒಡೆದಾಗ ಪೆಟ್ಟಿಗೆ ಸುತ್ತಿ ಹೋಗಿ, ಹೇಗೆ ಹಿಡಿಯಬೇಕೆಂದು ಗೊತ್ತಾಗದೆ, ತಂಗಿಯ ತಲೆಯನ್ನು ಚೆಂಡಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡ.

"ಮುಂದಿನ ಹೆಗಲು ನೀನೇ ಕೊಡು," ಎಂದಳು ಅವಳು, ಅವನ ಅಂಗಿಗೆ ಮೂಗು ಒರೆಸುತ್ತಾ.

ಹನ್ನೊಂದೂಕಾಲಿಗೆ ಪೆಟ್ಟಿಗೆ ಎದ್ದಿತು. ಮುಂದೆ ಕೋಚ್ ಮತ್ತು ಟೈಲರ್, ನಡುವೆ ಗೋಲ್‌ಕೀಪರ್ ಮತ್ತು ಅಳಿಯ, ಹಿಂದೆ ಇಬ್ಬರು ಹಳೆಯ ಆಟಗಾರರು. ಸ್ಮಶಾನ ಬೀದಿಯ ಕೊನೆಗೇ ಇತ್ತು. ಟಾರು ಮುಗಿದು ಮಣ್ಣು ರಸ್ತೆ ಶುರುವಾಗುವವರೆಗೆ ಎಲ್ಲ ಸರಿಯಾಗಿ ನಡೆಯಿತು.

"ಒಳಗೆ ಅಂತ ಅಂದ್ಯಂತೆ?" ಎಂದ ಟೈಲರ್, ಮುಂದೆ ನೋಡುತ್ತಲೇ.

"ಹ್ಞೂಂ. ಒಂದು ಮೊಳ."

"ನಿನ್ನ ತಲೆ. ಹೊರಗೆ."

"ಹೊರಗಾಗಿದ್ರೆ ಬಾವುಟ ಯಾಕೆ ಎತ್ತಲಿಲ್ಲ?"

"ಎಲ್ಲಿತ್ತು ಬಾವುಟ? ನಿಮ್ಮ ಕಡೆಯ ಛತ್ರಿಯಮ್ಮ ಕಿತ್ಕೊಂಡು ಓಡಿದ್ಳಲ್ಲ!"

"ಅದು ಬೇರೆ ಮ್ಯಾಚು!" ಎಂದು ಹಿಂದಿನಿಂದ ಗೋಲ್‌ಕೀಪರ್‌ನ ತಾಯಿ ಕೂಗಿದಳು.

"ನನ್ನ ಮಾತು ನಂಬಬೇಡ, ಇವನನ್ನೇ ಕೇಳು," ಎಂದು ಕೋಚ್ ಕತ್ತು ತಿರುಗಿಸಲಾಗದೆ ಗೋಲ್‌ಕೀಪರ್‌ನನ್ನು ಕರೆದ. "ಲೋ, ಹೇಳೋ, ಎಲ್ಲಿ ಕೆಡವಿದೆ ಅವನನ್ನ?"

ಗೋಲ್‌ಕೀಪರ್ ಹೆಗಲು ಬದಲಾಯಿಸಿದ. "ಎಲ್ಲಿ ಅಂದ್ರೆ... ನಾನು ಅವನನ್ನ ಮುಟ್ಟೇ ಇಲ್ಲ, ಸಾರ್. ಅವನೇ ಬಿದ್ದ."

ಮೆರವಣಿಗೆ ನಿಂತಿತು. ಒಳಗೆ ಎನ್ನುವವರು ಒಂದು ಕಡೆ, ಹೊರಗೆ ಎನ್ನುವವರು ಇನ್ನೊಂದು ಕಡೆ ಆದರು. ಬಿದ್ದವನೇ ನಾಟಕ ಮಾಡಿದ ಎನ್ನುವ ಮೂರನೇ ಗುಂಪು ಆ ಕ್ಷಣ ಹುಟ್ಟಿತು. ಏಳು ಸಲ ಗಾಳಿ ಬಿಟ್ಟ ಮುದುಕ ಅದರ ನಾಯಕನಾದ. ಹಿಂದೆ ಬಂದ ಹಾಲಿನ ಗಾಡಿಯವನು ಹಾರ್ನ್ ಹೊಡೆದು, ವಿಷಯ ತಿಳಿದ ಮೇಲೆ ಇಳಿದು ಬಂದು ತಾನೂ ಆ ದಿನ ಮೈದಾನದಲ್ಲಿದ್ದೆ ಎಂದ.

"ಇದು ಗೋಲು. ಇಲ್ಲಿ ಗೆರೆ!" ಕೋಚ್ ಹೆಗಲ ಮೇಲಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು, ಬೂಟಿನ ತುದಿಯಿಂದ ಮಣ್ಣಿನಲ್ಲಿ ಉದ್ದಕ್ಕೆ ಗೆರೆ ಎಳೆದ.

"ಅಲ್ಲಲ್ಲ, ಇಲ್ಲಿ!" ಟೈಲರ್ ಚಪ್ಪಲಿಯಲ್ಲಿ ಅದನ್ನು ಒರೆಸಿ ಒಂದು ಗೇಣು ಆಚೆ ಇನ್ನೊಂದು ಎಳೆದ.

ಮಗಳು ಓಡಿ ಹೋಗಿ ಬಿಡಿಸಲು ನೋಡಿದಳು. ತಾಯಿ ಅವಳ ಕೈ ಹಿಡಿದು ನಿಲ್ಲಿಸಿಕೊಂಡಳು. ಧೂಳು ಮೊಣಕಾಲಿನವರೆಗೆ ಎದ್ದಿತ್ತು. ಆ ಧೂಳಿನ ಮೇಲೆ, ಕಿರುಚುವ ಆರು ಜನರ ಹೆಗಲಿನಲ್ಲಿ, ಪೆಟ್ಟಿಗೆ ಒಂದಿಷ್ಟೂ ವಾಲದೆ, ಯಾವ ಅವಸರವೂ ಇಲ್ಲದೆ ನಿಂತಿತ್ತು.