ಕಲ್ಲು ಎಳೆದ ಕೋಣ ಯಾರ ಊರಿನವು?

ವಿಶಾಖಾಳ ಅಪ್ಪ ಅಯ್ಯಪ್ಪನಿಗೆ ತಾನು ನೋಡಿದ ಊರುಗಳನ್ನು ಹೇಳುವ ಚಟ. ಸಣ್ಣಪುಟ್ಟ ಚಟವಲ್ಲ. ಆರೋಗ್ಯ ಇಲಾಖೆಯ ನೌಕರಿಯಿಂದ ನಿವೃತ್ತನಾದ ಮೇಲೆ ಬಾಗಲವಾಡದ ಮನೆಗೆ ಯಾರೇ ಬರಲಿ, ನೀರು ಕೊಡುವ ಮೊದಲು ಸನ್ನತಿಯ ಸ್ತೂಪ, ಚಹಾ ಬರುವಷ್ಟರಲ್ಲಿ ಅಜಂತಾ, ಬಂದವರು ಎದ್ದು ಚಪ್ಪಲಿ ಹುಡುಕುವಷ್ಟರಲ್ಲಿ ಗೋಲಗುಮ್ಮಟದ ಮೆಟ್ಟಿಲು. ಮಸ್ಕಿಯ ಅಶೋಕನ ಶಾಸನವನ್ನಂತೂ ತಾನೇ ಮೊದಲು ಕಂಡುಹಿಡಿದವನ ಹಾಗೆ ಹೇಳುತ್ತಿದ್ದ. ಪಾಪ, ಹಾಲು ಹಾಕಲು ಬಂದವನೂ ತಪ್ಪಿಸಿಕೊಂಡಿರಲಿಲ್ಲ.

ಇಂಥ ಅಪ್ಪನನ್ನು ಕಟ್ಟಿಕೊಂಡು ವಿಶಾಖಾ ರಾಯಚೂರಿನ ಕೋಟೆಗೆ ಗಂಡು ನೋಡಲು ಹೊರಟಿದ್ದಳು. ಹೌದು, ಕೋಟೆಗೇ. ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಈ ಹುಡುಗಿಗೆ, ಚಾಪೆಯ ಮೇಲೆ ತಲೆ ಬಗ್ಗಿಸಿ ಕೂತು, ಬಂದವರು ಕೇಳಿದ್ದಕ್ಕೆಲ್ಲ ಹ್ಞೂಂಗುಟ್ಟಿ ಸಾಕಾಗಿ ಹೋಗಿತ್ತು.

"ನೋಡೋರು ರಾಯಚೂರ ಕ್ವಾಟಿಗೆ ಬರಲಿ. ಹುಡುಗ ಚಲೋ ಇರಲಿಲ್ಲಂದ್ರ ಕ್ವಾಟಿನರ ನೋಡಿದಂಗ ಆಗ್ತದ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಅದು ಅಪ್ಪನಿಗೆ ಕೇಳಲೆಂದು ಆಡಿದ ಮಾತು. ಹುಡುಗ ಚಲೋ ಇದ್ದಾನೆ ಎನ್ನುವುದು ಅವಳಿಗೆ ಆಗಲೇ ಗೊತ್ತಿತ್ತು. ದೇವದುರ್ಗದಲ್ಲಿ ಗಣಿತದ ಮೇಷ್ಟ್ರಾಗಿದ್ದ ಸುಭಾಷ್, ರಾಯಚೂರಿನಲ್ಲಿ ನಡೆದ ಒಂದು ತರಬೇತಿಯಲ್ಲಿ ಅವಳ ಪಕ್ಕದ ಬೆಂಚಿನಲ್ಲಿ ಕೂತಿದ್ದ. ವೇದಿಕೆಯ ಮೇಲಿದ್ದವರು ಊಟದ ಹೊತ್ತು ಮೀರಿದರೂ ಕೊರೆಯುತ್ತಲೇ ಇದ್ದಾಗ ಇವಳ ಕಡೆ ತಿರುಗಿ, "ಮೇಡಂ, ಇವ್ರಿಗೆ ಮನ್ಯಾಗ ಯಾರೂ ಮಾತಾಡಾಕ ಬಿಡಂಗಿಲ್ಲ ಕಾಣ್ತದ" ಅಂದಿದ್ದ. ಅಷ್ಟೇ ಅವರ ಪರಿಚಯ. ಅಷ್ಟಕ್ಕೇ ಇವಳು ಮನಸೋತಳು. ಅವ್ವ ಪಾರ್ವತೆಮ್ಮನ ಕಿವಿಯಲ್ಲಿ ಹೇಳಿದಳು, ಅವ್ವ ತನ್ನ ತಂಗಿಯ ಕಿವಿಗೆ ಹಾಕಿದಳು, ಮಾತು ಸುತ್ತಿ ಬಳಸಿ ದೇವದುರ್ಗದ ಕಡೆಯ ಜಾಲಹಳ್ಳಿಯ ಅವನ ಮನೆ ಮುಟ್ಟಿ, 'ಬರ್ತೀವಿ' ಎಂದು ತಿರುಗಿ ಬಂತು. ಆದರೆ ಅವನು ಮನಸ್ಸಿಟ್ಟು ಬರುತ್ತಿದ್ದಾನೋ, ತನ್ನ ಅವ್ವ ಹೇಳಿದಳೆಂದು ಬರುತ್ತಿದ್ದಾನೋ? ಅದೊಂದು ಅವಳಿಗೆ ಗೊತ್ತಾಗಿರಲಿಲ್ಲ, ಗೊತ್ತಾಗದೆ ನಿದ್ದೆಯೂ ಬಂದಿರಲಿಲ್ಲ.

ಇವರ ಮನೆಯಲ್ಲಿ ಬುದ್ಧ, ಅವರ ಮನೆಯಲ್ಲಿ ದುರ್ಗಮ್ಮ. ಜಗಳ ಬಂದರೆ ಅದಕ್ಕೇ ಬಂದೀತು ಎಂದು ವಿಶಾಖಾ ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಒಂದೂ ಉಪಯೋಗಕ್ಕೆ ಬರಲಿಲ್ಲ.

ಜಾಲಹಳ್ಳಿಯವರು ಆಗಲೇ ಬಂದು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಸುಭಾಷ್ 'ನಮಸ್ಕಾರ್ರಿ' ಅಂದ, ಅಂದು ಬುತ್ತಿಯ ಚೀಲ ಹಿಡಿದು ಅಯ್ಯಪ್ಪನ ಪಕ್ಕ ನಿಂತ. ಅವನ ಅವ್ವ ಬೂದೆಮ್ಮ ಪಾರ್ವತೆಮ್ಮನ ಕೈ ಹಿಡಿದವಳು ಬಿಡಲೇ ಇಲ್ಲ. ಅಯ್ಯಪ್ಪನಿಗೆ ಹೊಸ ಕಿವಿಗಳು ಸಿಕ್ಕವಲ್ಲ, ನಿಂತ ಕಾಲಿನಲ್ಲೇ ಅಜಂತಾ ಶುರು ಮಾಡಿ, ಗುಹೆ ಗುಹೆ ಹೊಕ್ಕು ಹೊರಗೆ ಬಂದ. ಆದರೆ ಸುಭಾಷನ ಅಪ್ಪ ಮುದುಕಪ್ಪ ಸುಮ್ಮನೆ ಕೇಳುವ ಆಸಾಮಿಯಲ್ಲ. ಬಸ್ಸಿನ ಡ್ರೈವರಾಗಿ ಆಯುಷ್ಯವೆಲ್ಲ ಊರು ತಿರುಗಿದವನು.

"ನೀವು ಬಾದಾಮಿ ನೋಡೀರೇನ್ರಿ?" ಎಂದು ಕೇಳಿದ ಅಯ್ಯಪ್ಪ.

"ನೋಡೀರೇನು ಅಂತ ಕೇಳ್ತೀರಲ್ರಿ! ವಾರಾ ವಾರಾ ಹೋಗ್ತಿದ್ದೆ. ಸ್ಟ್ಯಾಂಡು ಇಕ್ಕಟ್ಟು. ಗಾಡಿ ರಿವರ್ಸ್ ತಗೊಳ್ಳಾಕ ಭಾಳ ತ್ರಾಸು."

"ಸ್ಟ್ಯಾಂಡಲ್ರಿ, ಗುಹಿ, ಗುಹಿ!"

"ಗುಹ್ಯಾಗ ಬಸ್ಸು ಹೋಗಂಗಿಲ್ಲಲ್ರಿ."

ಅಯ್ಯಪ್ಪ ಸೋಲಲಿಲ್ಲ. "ವಿಜಾಪುರದಾಗ ಗುಮ್ಮಟ ಹತ್ತೀರಿಲ್ಲೋ?"

"ಗುಮ್ಮಟ ಸ್ಟೇರಿಂಗ್ ಹಿಡಕೊಂಡು ಕುಂತಲ್ಲೇ ಕಾಣ್ತದ. ಹತ್ತಿ ಇಳಿಯೋದೇನದರಿ ಅದರಾಗ?"

ಅಯ್ಯಪ್ಪನ ಮುಖ ಹುಳ್ಳಗಾಯಿತು. ಒಬ್ಬ ಮನುಷ್ಯ ಅಷ್ಟೆಲ್ಲ ಊರಿಗೆ ಹೋಗಿ ಒಂದು ಕಂಬವನ್ನೂ ಮುಟ್ಟದೆ ಬಂದಿದ್ದಾನೆ ಎನ್ನುವುದನ್ನು ಅವನ ಜೀವ ಒಪ್ಪಲಿಲ್ಲ. ಮುದುಕಪ್ಪನಿಗೋ, ಒಂದು ಸಲ ಮೆಟ್ಟಿಲು ಹತ್ತಿಳಿದು ಅದನ್ನೇ ಜೀವಮಾನವೆಲ್ಲ ಹೇಳಿಕೊಂಡು ತಿರುಗುವವನ ಮೇಲೆ ಭಾರೀ ಅನುಮಾನ. ಇಬ್ಬರೂ ಹಲ್ಲು ಕಚ್ಚಿಕೊಂಡು ರಸ್ತೆ ದಾಟಿ ಕೋಟೆಯ ಕಡೆ ನಡೆದರು.

ರಾಯಚೂರಿನ ಕೋಟೆಗೋಡೆಯಲ್ಲಿ ಒಂದು ಕಲ್ಲಿದೆ. ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲು, ಮೈಮೇಲೆ ತೆಲುಗು ಶಾಸನ. ಆ ಕಲ್ಲನ್ನು ಬಂಡಿಗೆ ಹೇರಿ ಕೋಣಗಳ ಸಾಲು ಎಳೆದು ತರುತ್ತಿರುವ ಚಿತ್ರವನ್ನೂ ಅಲ್ಲೇ ಗೆರೆಗಳಲ್ಲಿ ಕೊರೆದಿದ್ದಾರೆ. ಏಳುನೂರು ವರ್ಷಕ್ಕೂ ಹಿಂದಿನದು. ಅದರ ಮುಂದೆ ನಿಂತಾಗ ಹಿರಿಯರಿಬ್ಬರೂ ಜಗಳ ಮರೆತು ಕತ್ತೆತ್ತಿ ನೋಡಿದರು. ಸದ್ಯ, ಬದುಕಿದೆ ಅಂದುಕೊಂಡಳು ವಿಶಾಖಾ. ಅಂದುಕೊಂಡು ಮುಗಿಯಲಿಲ್ಲ, ಅಪ್ಪ ಬಾಯಿ ತೆಗೆದ.

"ಈ ಕಲ್ಲು ನಮ್ಮ ಬಾಗಲವಾಡದ ಗುಡ್ಡದ್ದು. ಕಡದವರೂ ನಮ್ಮ ಮಂದಿನ. ನಮ್ಮ ಮುತ್ಯಾ ಹೇಳ್ತಿದ್ದ."

"ಬಾಗಲವಾಡದಾಗ ಗುಡ್ಡ ಎಲ್ಲ್ಯದರಿ?" ಎಂದು ಮುದುಕಪ್ಪ ಹುಬ್ಬು ಏರಿಸಿದ. "ಆ ರೂಟಿನ್ಯಾಗ ಗಾಡಿ ಓಡಿಸೀನಿ ನಾನು. ಗುಡ್ಡ ಕಂಡಿಲ್ಲ."

"ಕಡದು ತಂದು ಇಲ್ಲಿ ಹಚ್ಯಾರಲ್ಲ, ಅಲ್ಲಿ ಎಲ್ಲಿಂದ ಕಾಣ್ತದ?"

"ಕಲ್ಲು ಯಾವೂರದರ ಇರಲಿ. ಕೋಣ ಮಾತ್ರ ಜಾಲಹಳ್ಳಿವು. ಕೊಂಬು ನೋಡ್ರಿ ಆ ಕೊಂಬು! ನಮ್ಮ ಕಡೆ ಕೋಣಕ್ಕ ಹಿಂಗ ಹಿಂದಕ್ಕ ಬಾಗಿರ್ತಾವ. ಬಂಡಿ ಹೊಡದವ್ರೂ ನಮ್ಮವ್ರ. ಡ್ರೈವಿಂಗು ನಮ್ಮ ರಕ್ತದಾಗ ಅದರಿ!"

"ನಿಮ್ಮ ಕೋಣ ಕಟ್ಟಿದ್ರ ಈ ಕಲ್ಲು ಇವತ್ತಿಗೂ ಮಾನ್ವಿ ಸ್ಟ್ಯಾಂಡಿನ್ಯಾಗ ಬಿದ್ದಿರ್ತಿತ್ತು!"

"ನಿಮ್ಮ ಮಂದಿ ಕಡದಿದ್ರ ಇನ್ನಾ ಕಡಿಯಾಕತ್ತಿರ್ತಿದ್ರು!"

ಹೋಯಿತು. ಬುದ್ಧನ ಬಗ್ಗೆ ಜಗಳವಿಲ್ಲ, ದುರ್ಗಮ್ಮನ ಬಗ್ಗೆ ಜಗಳವಿಲ್ಲ, ಸತ್ತು ಏಳುನೂರು ವರ್ಷವಾದ ಕೋಣಗಳಿಗಾಗಿ ಜಗಳ! ಸೆಲ್ಫಿ ತೆಗೆದುಕೊಳ್ಳುತ್ತಿದ್ದ ಕಾಲೇಜು ಹುಡುಗಿಯರು ಫೋನು ಇವರ ಕಡೆ ತಿರುಗಿಸಿದರು. ವಿಶಾಖಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಹಾಗೆಂದು ನೀವು ನಗಬೇಡಿ. ಆ ಕಲ್ಲಿನ ಮೇಲೆ ಕೋಟೆ ಕಟ್ಟಿಸಿದವನ ಹೆಸರಿದೆ, ಅವನ ಒಡೆಯರ ಹೆಸರಿದೆ. ಕಡಿದವರದು, ಎಳೆದವರದು ಒಂದಾದರೂ ಹೆಸರಿದೆಯೇ? ಈ ಎರಡೂ ಮನೆಗಳ ಅಜ್ಜ ಮುತ್ತಜ್ಜಂದಿರು ಮಂದಿಯ ಹೊಲದಲ್ಲಿ, ಮಂದಿಯ ಗೋಡೆಗೆ ಕಲ್ಲು ಹೊತ್ತು ಬಾಳಿದವರು. ಅಪ್ಪ ಇಷ್ಟೆಲ್ಲ ಊರು ತಿರುಗಿದ್ದು ಎಲ್ಲಿಯಾದರೂ ನಮ್ಮವರ ಗುರುತು ಕಂಡೀತೇ ಎಂದು ಹುಡುಕಿಕೊಂಡೇ ಇರಬೇಕು ಎಂದು ವಿಶಾಖಾಳಿಗೆ ಆಗ ಹೊಳೆಯಿತು. ಹೊಳೆದು ಅಪ್ಪನ ಮೇಲೆ ಬಹಳ ಪ್ರೀತಿ ಉಕ್ಕಿತು. ಅಷ್ಟರಲ್ಲೇ ಆ ಅಪ್ಪ ಅವಳ ಬಾಳಿಗೆ ಬೆಂಕಿ ಇಟ್ಟ.

"ಬಸ್ ಸ್ಟ್ಯಾಂಡ ಬಿಟ್ಟು ಬ್ಯಾರೆ ಏನೂ ನೋಡದ ಮನಿಗೆ ನಾ ಮಗಳ್ನ ಕೊಡಂಗಿಲ್ಲ!"

"ಇಲ್ಲದ ಗುಡ್ಡಾ ಹುಟ್ಟಿಸೋ ಮನಿ ಹೆಣ್ಣು ನಮಗೂ ಬ್ಯಾಡ್ರಿ!"

ವಿಶಾಖಾ ಗಕ್ಕನೆ ತಿರುಗಿದಳು. ಸುಭಾಷನ ಕಡೆ ನೋಡಿದರೆ, ಅವನು ಕೈಯಲ್ಲಿ ಚೀಲ ಹಿಡಿದು ಗೋಡೆಯ ಮೇಲಿನ ಪಾರಿವಾಳ ನೋಡುತ್ತಿದ್ದಾನೆ! ಇವನಿಗೆ ಬಾಯಿ ಇಲ್ಲವೇ? ಇಲ್ಲ, ಮನಸ್ಸೇ ಇಲ್ಲವೇ? ಅವಳಿಗೆ ಅಳುವೇ ಬಂತು.

ತಾಯಂದಿರು ಮಾತ್ರ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದ್ದರು. "ಬಸ್ಸಿಗೆ ಇನ್ನಾ ಹೊತ್ತದ. ಬೈಯೋದದ್ರ ಉಂಡು ಬೈಯ್ರಿ" ಅಂದಳು ಬೂದೆಮ್ಮ. ಹಸಿದಿದ್ದ ಇಬ್ಬರೂ ಬಂದು ಕೂತರು, ಆದರೆ ಬೆನ್ನಿಗೆ ಬೆನ್ನು ಕೊಟ್ಟು, ತಮ್ಮ ತಮ್ಮ ಬುತ್ತಿಗೆ. ಈ ಕಡೆಯ ರೂಢಿಯೇ ಹಾಗೆ. ಸಂಬಂಧ ಗಟ್ಟಿಯಾಗುವ ತನಕ ಅವರ ಮನೆಯ ಅನ್ನ ಇವರು ಉಣ್ಣುವುದಿಲ್ಲ, ಇವರದು ಅವರು ಮುಟ್ಟುವುದಿಲ್ಲ. ಸಿಹಿಯಂತೂ ಕೇಳಲೇಬೇಡಿ. ಬೀಗರ ಮನೆಯ ಸಿಹಿ ಬಾಯಿಗೆ ಬಿತ್ತೆಂದರೆ ಮಾತು ಕೊಟ್ಟ ಹಾಗೆಯೇ, ಆಮೇಲೆ ಹಿಂದೆ ಸರಿದವನು ನಾಲ್ಕು ಮಂದಿಯಲ್ಲಿ ಮುಖ ಎತ್ತಿ ತಿರುಗುವಂತಿಲ್ಲ. ಎಲ್ಲ ಸರಿಹೋದರೆ ಇರಲಿ ಎಂದು ಪಾರ್ವತೆಮ್ಮ ಶೇಂಗಾ ಹೋಳಿಗೆ ತಂದಿದ್ದಳು, ಬೂದೆಮ್ಮ ಎಳ್ಳುಂಡೆ. ಎರಡೂ ಡಬ್ಬಿಯಲ್ಲೇ ಉಳಿದಿದ್ದವು.

ಕೂತರೂ ಬಾಯಿ ಕೂತಿರಲಿಲ್ಲ. ಮುದುಕಪ್ಪ ಕಲ್ಲಿನ ಕಡೆ ನೆಟ್ಟ ದೃಷ್ಟಿ ತೆಗೆಯದೆ ಕೋಣಗಳ ತಳಿ, ತಾಕತ್ತು ವರ್ಣಿಸುತ್ತಿದ್ದ. ಕಣ್ಣು ಮುಂದೆ ಇಟ್ಟು, ಕೈಗೆ ಸಿಕ್ಕಿದ್ದು ಬಾಯಿಗೆ ಹಾಕಿಕೊಳ್ಳುವುದು ಡ್ರೈವರನ ಅಭ್ಯಾಸ. ರೊಟ್ಟಿಯೋ, ಪಲ್ಯವೋ, ಉಳ್ಳಾಗಡ್ಡಿಯೋ, ಅವನು ನೋಡುತ್ತಲೇ ಇರಲಿಲ್ಲ. ಆದರೆ ವಿಶಾಖಾ ನೋಡಿದಳು. ನೀರು ಕೊಡುವವಳ ಹಾಗೆ ಎದ್ದು ಹೋಗಿ, ಚಾಚಿದ ಆ ಕೈಯಲ್ಲಿ ಒಂದು ಶೇಂಗಾ ಹೋಳಿಗೆ ಇಟ್ಟಳು.

"ಒಂದೊಂದು ಕೋಣ ಅಂದ್ರ ಆನಿ ಇದ್ದಂಗ ಇರ್ತಿದ್ದು..." ಮುದುಕಪ್ಪ ಅಗಿದ, ನುಂಗಿದ. "ಚಲೋ ಅದ ಇದು. ಏನಿದು?"

"ಯವ್ವಾ! ಅವ್ರ ಮನಿ ಹೋಳಿಗಿ ತಿಂದ್ರಲ್ರಿ!" ಎಂದು ಬೂದೆಮ್ಮ ಕೈ ತಟ್ಟಿದಳು. "ಬಾಯಿ ಸೀ ಆತು! ಸಂಬಂಧ ಗಟ್ಟಿ ಆತು!"

ಮುದುಕಪ್ಪ ಕೈಯಲ್ಲಿ ಉಳಿದ ತುಂಡನ್ನು ನೋಡಿಯೇ ನೋಡಿದ. ವಿಶಾಖಾಳಿಗೆ ಆಗ ನೆನಪಾಯಿತು, ಅಯ್ಯೋ, ಅಪ್ಪ! ಇನ್ನೊಂದು ಕಡೆಯವನು ಉಳಿದೇಬಿಟ್ಟನಲ್ಲ. 'ನಾವು ತಿಂದಿಲ್ಲ, ನಮಗೆ ಸಂಬಂಧ ಇಲ್ಲ' ಎಂದು ಈಗ ಎದ್ದು ನಿಂತರೆ? ಗಾಬರಿಯಿಂದ ತಿರುಗಿದಳು.

ಅಪ್ಪ ಬೆಳಗಿನಿಂದ ಮೊದಲ ಸಲ ಮಾತಿಲ್ಲದೆ ಕೂತಿದ್ದ. ಎರಡೂ ಕೆನ್ನೆ ಉಬ್ಬಿದ್ದವು. ಮೀಸೆಯ ತುಂಬ ಎಳ್ಳು. ಹಿಂದೆ ಸುಭಾಷ್ ಡಬ್ಬಿ ತೆರೆದುಕೊಂಡು ನಿಂತಿದ್ದ.

ನುಂಗಲೂ ಬಾರದೆ ಉಗುಳಲೂ ಬಾರದೆ ಒದ್ದಾಡಿದ ಅಯ್ಯಪ್ಪ ಕೊನೆಗೆ ನುಂಗಿದ. ಗಂಟಲು ಸರಿಮಾಡಿಕೊಂಡು, "ಕಲ್ಲು ಮಾತ್ರ ನಮ್ಮದರಿ, ಬೀಗರೆ" ಅಂದ.

"ಆತೇಳ್ರಿ. ಕೋಣ ನಮ್ಮವು" ಅಂದ ಮುದುಕಪ್ಪ, ಉಳಿದ ಹೋಳಿಗೆಯನ್ನೂ ಬಾಯಿಗೆ ಹಾಕಿಕೊಂಡು. ತಾಯಂದಿರಿಬ್ಬರೂ ಹೊಟ್ಟೆ ಹಿಡಿದು ನಕ್ಕರು.

ಆ ಗದ್ದಲದಲ್ಲಿ ಸುಭಾಷ್ ವಿಶಾಖಾಳ ಪಕ್ಕಕ್ಕೆ ಬಂದು ನಿಂತ.

"ನಾನೂ ಅದನ್ನ ಮಾಡ್ದೆ, ನೀವೂ ಅದನ್ನ ಮಾಡಿದ್ರಲ್ಲ!" ಎಂದು ಅವಳು ಪಿಸುಗುಟ್ಟಿದಳು.

"ಇದು ಎರಡನೇ ಉಂಡಿ ರೀ ಮೇಡಂ" ಅಂದ ಅವನು, ತಲೆ ತಗ್ಗಿಸಿ. "ಮೊದಲನೇದು ಬಸ್ ಸ್ಟ್ಯಾಂಡಿನ್ಯಾಗ, ನಿಮ್ಮಪ್ಪ ಅಜಂತಾ ಹೇಳಾಕತ್ತಾಗನ ತಿನಿಸೀನಿ. ಅವ್ರಿಗೆ ಗೊತ್ತ ಆಗಲಿಲ್ಲ."

ವಿಶಾಖಾಳ ಕಣ್ಣು ಖುಷಿಗೆ ತುಂಬಿ ಬಂತು. ಅವನ ಮುಂದೆ ಕೈ ಚಾಚಿ, "ನನಗೂ ಒಂದು ಕೊಡ್ರಿ ಮತ್ತ" ಅಂದಳು.