ಬೀಗಿತ್ತಿಯ ತಪ್ಪು

ಸೊಸೆ ಸಂಜೆಹೊತ್ತು ಶಾಲೆಯಲ್ಲಿ ದೊಡ್ಡವರಿಗೆ ಓದುಬರಹ ಕಲಿಸುತ್ತಿದ್ದಳು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಅವಳ ತಾಯಿ ಮೊದಲ ದಿನವೇ ಬಂದು ಮುಂದಿನ ಬೆಂಚಿನಲ್ಲಿ ಕೂತಳು. ಅತ್ತೆ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವ ಆಕೆಗೆ ತನ್ನದೇ ಹಟ.

“ಬೀಗಿತ್ತಿ ಎದುರಿಗೆ ತಪ್ಪುತಪ್ಪಾಗಿ ಓದಿ ಮರ್ಯಾದೆ ಕಳ್ಕೊಳ್ಳಲಾ? ಗಂಡಿನ ತಾಯಿ ಕಣಮ್ಮ ನಾನು!”

ಸೊಸೆ ನಕ್ಕಳು. ಶಾಲೆಯ ಕೊಠಡಿಗೆ ಬಣ್ಣ ಬಳಿಯುವ ಕೆಲಸ ಶುರುವಾದಾಗ ಕರಿಹಲಗೆಯನ್ನು ಮನೆಗೇ ತಂದು ಮೆಷಿನ್ನಿನ ಎದುರು ಗೋಡೆಗೆ ಒರಗಿಸಿದಳು.

“ಸ್ವಲ್ಪ ದಿನ ಅಷ್ಟೇ, ಅತ್ತೆ.”

“ನನ್ನ ಹೊಲಿಗೆಗೆ ಅಡ್ಡ ಬರಬೇಡಿ, ಸಾಕು.”

ಕಲಿಯುವವರು ಚಾಪೆಯ ಮೇಲೆ ಕೂತರು. ಅತ್ತೆ ತಲೆ ತಗ್ಗಿಸಿಕೊಂಡು ಮೆಷಿನ್ ತುಳಿಯುತ್ತಿದ್ದಳು. ಆದರೆ ಯಾರಾದರೂ ಓದತೊಡಗಿದರೆ ಮೆಷಿನ್ನಿನ ಸದ್ದು ಮೆತ್ತಗಾಗುತ್ತಿತ್ತು. ಅದನ್ನು ಮೊದಲು ಗಮನಿಸಿದ್ದು ಬೀಗಿತ್ತಿ.

ಒಂದು ಸಂಜೆ ಬೀಗಿತ್ತಿ ಎದ್ದು ನಿಂತು ಹಲಗೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿದಳು: “ನಮ್ಮ ಹಲ್ಲಿಯಲ್ಲಿ ತುಂಬಾ ಜನ ಇದ್ದಾರೆ.”

“ಇನ್ನೊಂದ್ಸಲ ನೋಡಮ್ಮ,” ಎಂದಳು ಮಗಳು.

“ನಮ್ಮ ಹಲ್ಲಿಯಲ್ಲಿ...”

ಮೆಷಿನ್ ನಿಂತೇಹೋಯಿತು. “ಅಯ್ಯೋ, ಹಲ್ಲಿ ಹೊಟ್ಟೇಲಿ ಅಷ್ಟು ಜನ ಹೇಗಿರ್ತಾರೆ ಬೀಗಿತ್ತಿ? ಹಳ್ಳಿ ಅದು, ಹಳ್ಳಿ! ಆ ‘ಳ’ನ ಮೊನ್ನೆ ತಾನೇ ಬರೆದು ತೋರಿಸ್ಲಿಲ್ವಾ?”

ಎಲ್ಲರೂ ಅತ್ತ ತಿರುಗಿದರು. ಅತ್ತೆ ನಾಲಿಗೆ ಕಚ್ಚಿಕೊಂಡಳು.

“ಹಂಗಾದ್ರೆ ಮುಂದಿನ ಸಾಲು ನೀವೇ ಹೇಳ್ಕೊಡಿ, ಬನ್ನಿ,” ಎಂದು ಬೀಗಿತ್ತಿ ಸರಿದು ಜಾಗ ಬಿಟ್ಟಳು.

ಅಳತೆ ಟೇಪು ಕೊರಳಲ್ಲಿದ್ದಂತೆಯೇ ಅತ್ತೆ ಬಂದು ಕೂತಳು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಒತ್ತಕ್ಷರವೊಂದರ ಹತ್ತಿರ ತಡವರಿಸಿದಾಗ ಬೀಗಿತ್ತಿ ಕಿವಿಯಲ್ಲಿ ಪಿಸುಗುಟ್ಟಿದಳು. ಸಾಲು ಮುಗಿದಾಗ ಅತ್ತೆಯ ಕಣ್ಣು ತುಂಬಿತ್ತು.

ಎಲ್ಲರೂ ಹೋದ ಮೇಲೆ ಮಗಳು ತಾಯಿಯನ್ನು ಬಾಗಿಲಲ್ಲಿ ತಡೆದಳು. “ನಿಜ ಹೇಳಮ್ಮ, ನಿಂಗೆ ‘ಹಳ್ಳಿ’ ಓದೋಕೆ ಬರಲ್ವಾ?”

“ಬರದೆ ಏನೇ! ನಾನು ಸರಿಯಾಗಿ ಓದಿದ್ರೆ ನಿಮ್ಮತ್ತೆ ಬಾಯಿ ಬಿಡ್ತಿದ್ರಾ? ತಪ್ಪು ಕೇಳಿಸ್ಕೊಂಡು ಸುಮ್ನಿರೋಕೆ ಅವರ ಕೈಲಾಗಲ್ಲ.”

ಪಾಠ ಶಾಲೆಗೆ ಮರಳಿದ ಮೇಲೆ ಬೀಗಿತ್ತಿಯರು ಜೊತೆಯಲ್ಲೇ ಹೋಗತೊಡಗಿದರು. ಒಮ್ಮೆ ಬಸ್ಸಿನ ಬೋರ್ಡನ್ನು ತಾನು ಓದುತ್ತೇನೆ, ತಾನು ಓದುತ್ತೇನೆ ಎಂದು ಇಬ್ಬರೂ ಕಿತ್ತಾಡಿ, ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟೇಹೋಯಿತು.

“ಹೋದ್ರೆ ಹೋಗ್ಲಿ ಬಿಡಿ,” ಎಂದಳು ಅತ್ತೆ, “ನಮ್ಮದೇ ಬಸ್ಸು ಅಂತ ಗೊತ್ತಾಯ್ತಲ್ಲ!”

ನಗುತ್ತಾ ಇಬ್ಬರೂ ನಡೆದೇ ಹೊರಟರು.